ಡೊಳ್ಳಿನ ಪೆಟ್ಟು ಒಡೆಯದ ಹಾಗೆ: ಫ್ಯಾಬ್‌ಫಿಲ್ಟರ್ ಪ್ರೊ-ಎಲ್ 2 ಲಿಮಿಟರ್ ಜತೆ ಕೆಲವು ವರ್ಷ

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇದೆ. ಭಜನಾ ಮಂಡಳಿಗಳ ಹಾಡು, ಭಾವಗೀತೆ, ಡೊಳ್ಳು ತಂಡಗಳು, ಹೊಸಹಳ್ಳಿ ಕಡೆಯ ಗಮಕ ವಾಚನ, ಸಾಗರ-ಹೊಸನಗರದ ಕಡೆಯಿಂದ ತಾಳಮದ್ದಳೆ, ಹೀಗೆ ಬರುವ ಕೆಲಸ ಬಗೆಬಗೆಯದು. ಇವೆಲ್ಲದರ ಕೊನೆಯ ಹಂತವಾದ ಮಾಸ್ಟರಿಂಗ್‌ನಲ್ಲಿ ನಾನು ಕೆಲವು ವರ್ಷಗಳಿಂದ ಬಳಸುತ್ತಿರುವ ಲಿಮಿಟರ್ ಫ್ಯಾಬ್‌ಫಿಲ್ಟರ್ ಪ್ರೊ-ಎಲ್ 2. ಇದೊಂದು ಪ್ಲಗಿನ್, ಅಂದರೆ ರೆಕಾರ್ಡಿಂಗ್ ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಸಾಫ್ಟ್‌ವೇರ್. ಆಮ್‌ಸ್ಟರ್‌ಡ್ಯಾಮ್‌ನ ಈ ಕಂಪನಿ ಇದನ್ನು ಹೊರತಂದದ್ದು 2017ರ ಕೊನೆಯಲ್ಲಿ. ಹೊಸತಾಗಿ ಬಂದಾಗ ಬರೆಯುವ ವಿಮರ್ಶೆಗಳು ಬಹಳ ಇವೆ. ಆದರೆ ಲಿಮಿಟರ್‌ನ ಗುಣ ಮೊದಲ ವಾರದಲ್ಲಿ ತಿಳಿಯುವುದಿಲ್ಲ. ಹಲವು ಬಗೆಯ ಸಂಗೀತ ಅದರ ಮೂಲಕ ಹಾದುಹೋದ ಮೇಲೇ ಅದು ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂದು ಗೊತ್ತಾಗುವುದು.

ಲಿಮಿಟರ್ ಮಾಡುವ ಕೆಲಸ ಕೇಳಲು ಸರಳ. ಒಂದು ಗಡಿ ಹಾಕಿಕೊಂಡು, ಅದನ್ನು ದಾಟಲು ಹೊರಟ ಶಬ್ದವನ್ನು ಆ ಕ್ಷಣಕ್ಕೆ ಒತ್ತಿ ಹಿಡಿಯುತ್ತದೆ. ಎತ್ತರದ ಪೆಟ್ಟುಗಳು ತಗ್ಗಿದ್ದರಿಂದ ಇಡೀ ಹಾಡನ್ನು ಮೇಲಕ್ಕೆತ್ತಲು ಜಾಗ ಸಿಗುತ್ತದೆ, ಹಾಡು ಜೋರಾಗಿ ಕೇಳುತ್ತದೆ. ಎಷ್ಟು ಬೇಗ ಒತ್ತುತ್ತದೆ, ಒತ್ತಿದ್ದನ್ನು ಎಷ್ಟು ಬೇಗ ಬಿಡುತ್ತದೆ ಎನ್ನುವುದರ ಮೇಲೆ ಧ್ವನಿ ಒಡೆಯುವುದೋ ಉಳಿಯುವುದೋ ನಿಂತಿದೆ.

ಇದು ಚೆನ್ನಾಗಿ ತಿಳಿಯುವುದು ಡೊಳ್ಳಿನಲ್ಲಿ. ಡೊಳ್ಳಿನ ಪೆಟ್ಟಿಗೆ ಎರಡು ಭಾಗ: ಕೋಲು ಚರ್ಮಕ್ಕೆ ತಾಗಿದ ಚೂಪು ಸದ್ದು, ಅದರ ಹಿಂದೆಯೇ ಎದೆಗೆ ಬಡಿಯುವ ದಪ್ಪ ಗುಂಗು. ಚೂಪು ಸದ್ದನ್ನು ಲಿಮಿಟರ್ ಎಷ್ಟು ಬೇಗ ಒತ್ತಿ ಬಿಟ್ಟರೂ ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಗುಂಗಿನ ಕತೆ ಬೇರೆ. 60 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 60 ಸಲ ಕಂಪಿಸುವ, ಒಂದು ಅಲೆ ಪೂರ್ತಿ ಒಂದು ಸುತ್ತು ಮುಗಿಸಲು ಸುಮಾರು 17 ಮಿಲಿಸೆಕೆಂಡ್ ಬೇಕು. ಒತ್ತಿದ್ದನ್ನು ಬಿಡಲು ತೆಗೆದುಕೊಳ್ಳುವ ಹೊತ್ತು, ಅಂದರೆ ರಿಲೀಸ್, ಅದಕ್ಕಿಂತ ಚಿಕ್ಕದಿದ್ದರೆ ಲಿಮಿಟರ್ ಅಲೆಯ ತುದಿ ಬಂದಾಗ ಒತ್ತಿ, ಇಳಿದಾಗ ಬಿಟ್ಟು, ಮತ್ತೆ ತುದಿ ಬಂದಾಗ ಒತ್ತುತ್ತದೆ. ಆಗ ಅದು ಮಟ್ಟವನ್ನು ಹದ್ದುಬಸ್ತಿನಲ್ಲಿಡುವುದನ್ನು ಬಿಟ್ಟು ಅಲೆಯ ಆಕಾರವನ್ನೇ ಬದಲಾಯಿಸತೊಡಗುತ್ತದೆ. ಡೊಳ್ಳು ನುಡಿಸದೇ ಇದ್ದ 180, 300 ಹರ್ಟ್ಸ್‌ನ ಸ್ವರಗಳು ಹುಟ್ಟಿಕೊಳ್ಳುತ್ತವೆ. ಅದನ್ನೇ ನಮ್ಮ ಸೌಂಡ್ ಸಿಸ್ಟಮ್‌ನವರು ‘ಸೌಂಡ್ ಒಡೀತಿದೆ’ ಎನ್ನುವುದು.

ಹಾಗೆಂದು ರಿಲೀಸನ್ನು ಉದ್ದಕ್ಕೆ ಬಿಟ್ಟರೆ ಇನ್ನೊಂದು ಪೀಡೆ. ಪ್ರತಿ ಪೆಟ್ಟಿಗೂ ಹಾಡುಗಾರರ ಧ್ವನಿ ಒಳಕ್ಕೆ ಹೋಗಿ ನಿಧಾನವಾಗಿ ಹೊರಬರುತ್ತದೆ, ಹಾಡು ಏದುಸಿರು ಬಿಟ್ಟ ಹಾಗಿರುತ್ತದೆ. ಪ್ರೊ-ಎಲ್ 2 ನನಗೆ ಇಷ್ಟವಾದದ್ದು ಈ ಎರಡರ ನಡುವಿನ ಹಾದಿ ಹುಡುಕಲು ಅದು ಕೊಡುವ ಹಿಡಿತಕ್ಕೆ. ಇದರೊಳಗೆ ಲಿಮಿಟಿಂಗ್ ಎರಡು ಹಂತಗಳಲ್ಲಿ ನಡೆಯುತ್ತದೆ. ಚೂಪು ಪೆಟ್ಟುಗಳನ್ನು ಹಿಡಿಯುವ ವೇಗದ ಹಂತ ಒಂದು, ಅದರ ಹಿಂದೆ ನಿಧಾನವಾಗಿ ಮಟ್ಟ ನೋಡಿಕೊಳ್ಳುವ ಹಂತ ಇನ್ನೊಂದು. ವೇಗದ ಹಂತವನ್ನು ಹೊಂದಿಸಲು ಲುಕ್‌ಅಹೆಡ್ (ಬರುವ ಶಬ್ದವನ್ನು ಎಷ್ಟು ಮೊದಲೇ ನೋಡಬೇಕು), ನಿಧಾನದ ಹಂತಕ್ಕೆ ಅಟ್ಯಾಕ್ (ಎಷ್ಟು ಬೇಗ ಒತ್ತಬೇಕು) ಮತ್ತು ರಿಲೀಸ್. ಡೊಳ್ಳಿದ್ದರೆ ನಾನು ಮೊದಲು ಲುಕ್‌ಅಹೆಡನ್ನು ತೀರಾ ಚಿಕ್ಕದಾಗಿ ಇಡದೆ ಒಂದು ಮಿಲಿಸೆಕೆಂಡ್ ಆಸುಪಾಸಿಗೆ ತರುತ್ತೇನೆ. ಬರುವ ಪೆಟ್ಟನ್ನು ಮೊದಲೇ ಕಂಡು ಮೆತ್ತಗೆ ಇಳಿಯಲು ಅದಕ್ಕೆ ಅಷ್ಟು ಹೊತ್ತು ಸಿಗಲಿ ಎಂದು. ಆಮೇಲೆ ರಿಲೀಸನ್ನು ಗುಂಗು ಒರಟಾಗುವುದು ನಿಲ್ಲುವವರೆಗೆ ಉದ್ದ ಮಾಡುತ್ತಾ ಹೋಗಿ, ಧ್ವನಿ ಏದುಸಿರು ಬಿಡುವ ಮೊದಲೇ ನಿಲ್ಲಿಸುತ್ತೇನೆ. ಇದಕ್ಕೆ ಸಿದ್ಧ ಅಂಕಿ ಇಲ್ಲ. ಹಾಡಿನ ಗತಿ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಡಿಸ್ಟಾರ್ಷನ್, ಅಂದರೆ ಧ್ವನಿ ಒಡೆಯುವುದನ್ನು ಹುಡುಕುವಾಗ ಡೊಳ್ಳನ್ನೇ ಕೇಳುತ್ತಾ ಕೂತರೆ ಕಿವಿ ಮೋಸ ಹೋಗುತ್ತದೆ ಎಂಬುದು ನಾನು ಇಷ್ಟು ದಿನದಲ್ಲಿ ಕಂಡುಕೊಂಡ ಸಂಗತಿ. ಡೊಳ್ಳಿನ ಸದ್ದೇ ಒರಟು, ಅದರಲ್ಲಿ ಇನ್ನಷ್ಟು ಒರಟು ಅಡಗಿಬಿಡುತ್ತದೆ. ಅದರ ಜತೆ ನಿಂತ ನುಣುಪು ಸದ್ದನ್ನು ಕೇಳಬೇಕು: ಕೊಳಲು, ಶ್ರುತಿಪೆಟ್ಟಿಗೆ, ಗಾಯಕಿ ಎಳೆದು ಹಿಡಿದ ‘ಆ’ಕಾರ. ಪೆಟ್ಟು ಬಿದ್ದ ಗಳಿಗೆಗೆ ಆ ಸ್ವರದ ಅಂಚು ಗೊರಗೊರ ಎಂದರೆ ಲಿಮಿಟರ್ ಅತಿ ಮಾಡುತ್ತಿದೆ ಎಂದೇ ಅರ್ಥ. ಫೋನಿನ ಸ್ಪೀಕರಿನಲ್ಲಿ ಮೂಲದ ಗುಂಗು ಕೇಳುವುದೇ ಇಲ್ಲ, ಈ ಗೊರಗೊರ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ನಮ್ಮ ಊರ ಕೇಳುಗರಲ್ಲಿ ಹೆಚ್ಚಿನವರು ಹಾಡು ಕೇಳುವುದು ಫೋನಿನಲ್ಲೇ.

ಈ ಕೆಲಸಕ್ಕೆ ಪ್ಲಗಿನ್‌ನಲ್ಲಿರುವ ಎರಡು ಗುಂಡಿಗಳಿಗೆ ನಾನು ಕೊಟ್ಟ ದುಡ್ಡು ಸಾರ್ಥಕ. ಒಂದು, 1:1 ಎಂದು ಬರೆದಿರುವುದು. ನೀವು ಎಷ್ಟು ಎತ್ತಿದ್ದೀರೋ ಅಷ್ಟನ್ನೇ ಕೊನೆಯಲ್ಲಿ ಇಳಿಸಿ ಕೇಳಿಸುತ್ತದೆ. ಜೋರಾದದ್ದೆಲ್ಲ ಕಿವಿಗೆ ಚೆನ್ನ ಎನಿಸುವುದು ಮನುಷ್ಯನ ಸ್ವಭಾವ, ಮಟ್ಟ ಸಮ ಮಾಡಿ ಕೇಳಿದಾಗ ಮಾತ್ರ ಪೆಟ್ಟು ಸೊರಗಿದ್ದು, ಅಂಚು ಒಡೆದದ್ದು ಬಯಲಾಗುತ್ತದೆ. ಇನ್ನೊಂದು, ಲಿಮಿಟರ್ ಕಿತ್ತು ತೆಗೆದ ಭಾಗವನ್ನಷ್ಟೇ ಕೇಳಿಸುವ ಗುಂಡಿ. ಅಲ್ಲಿ ಟಿಕ್ ಟಿಕ್ ಎಂಬ ಚಿಕ್ಕ ಚೂರುಗಳು ಕೇಳಿದರೆ ನಿಶ್ಚಿಂತೆ. ಬಾಸ್‌ನ ಗುರುಗುಟ್ಟುವಿಕೆಯೋ ಹಾಡಿನ ಸಾಹಿತ್ಯವೋ ಅದರಲ್ಲಿ ತಿಳಿಯುವಷ್ಟು ಬಂದರೆ ಕೈ ಹಿಂದೆ ತೆಗೆಯುತ್ತೇನೆ.

ಪ್ಲಗಿನ್‌ನಲ್ಲಿ ಒಟ್ಟು ಎಂಟು ಅಲ್ಗಾರಿದಮ್‌ಗಳಿವೆ, ಅಂದರೆ ಒತ್ತುವ ಎಂಟು ಬೇರೆ ಬೇರೆ ಬಗೆಗಳು. ನಾನು ಬಳಸುವುದು ಮೂರು. ಬಹುಪಾಲು ಹಾಡುಗಳಿಗೆ ಮಾಡರ್ನ್. ಗಮಕಕ್ಕೆ, ಬರೀ ತಂಬೂರಿ-ಧ್ವನಿ ಇರುವ ಕೆಲಸಕ್ಕೆ ಸೇಫ್. ಇದು ಹೆಸರಿಗೆ ತಕ್ಕಂತೆ ಒಡೆಯುವುದನ್ನು ತಪ್ಪಿಸಲೆಂದೇ ಮಾಡಿದ್ದು, ಆದರೆ ಜೋರು ಕೇಳಿದರೆ ಕೊಡುವುದಿಲ್ಲ. ಗಮಕದಲ್ಲಿ ಜೋರು ಯಾರಿಗೆ ಬೇಕು? ವಾಚನಕಾರರು ಪದ್ಯದ ಒಂದು ಸಾಲನ್ನು ಪಿಸುಮಾತಿಗೆ ಇಳಿಸಿ ಮುಂದಿನ ಸಾಲಿಗೆ ಗಂಟಲೆತ್ತಿದರೆ ಆ ಏರಿಳಿತವೇ ಅರ್ಥ ಹೇಳುವುದು, ಅದನ್ನು ಸಮತಟ್ಟು ಮಾಡುವ ಹಕ್ಕು ನನಗಿಲ್ಲ. ಡೈನಾಮಿಕ್ ಎಂಬುದನ್ನು ಚಂಡೆ ಇರುವ ಕಡೆ ಕೆಲವೊಮ್ಮೆ ಹಾಕುತ್ತೇನೆ, ಪೆಟ್ಟಿನ ಮೊನೆ ಚೆನ್ನಾಗಿ ಉಳಿಯುತ್ತದೆ.

ಟ್ರೂ ಪೀಕ್ ಬಗ್ಗೆ ಒಂದು ಮಾತು. ಫೈಲಿನಲ್ಲಿ ಇರುವುದು ಅಲೆಯ ಮೇಲಿನ ಬಿಂದುಗಳು ಮಾತ್ರ. ಎರಡು ಬಿಂದುಗಳ ನಡುವೆ ನಿಜವಾದ ಅಲೆ ಇನ್ನೂ ಎತ್ತರ ಹೋಗಿರಬಹುದು, ಎಂಪಿ3 ಅಥವಾ ಎಎಸಿಗೆ ಬದಲಾಯಿಸಿದಾಗ ಆ ಎತ್ತರ ಮತ್ತಷ್ಟು ಹೆಚ್ಚಬಹುದು. ಆ ನಿಜವಾದ ಎತ್ತರವೇ ಟ್ರೂ ಪೀಕ್. ಹಾಗಾಗಿ ಅದನ್ನೂ ಹಿಡಿಯುವ ಟ್ರೂ ಪೀಕ್ ಆಯ್ಕೆ ಹಾಕಿಕೊಂಡು ಗಡಿಯನ್ನು ಮೈನಸ್ 1 ಡಿಬಿಗೆ, ಅಂದರೆ ಫೈಲು ಹಿಡಿಯಬಲ್ಲ ಗರಿಷ್ಠ ಮಟ್ಟಕ್ಕಿಂತ 1 ಡೆಸಿಬೆಲ್ ಕೆಳಗೆ, ಇಡುತ್ತೇನೆ. ಹಾಡು ಮೈನಸ್ 14 ಲಫ್ಸ್‌ಗಿಂತ (ಲಫ್ಸ್ ಎಂದರೆ ಹಾಡು ಕಿವಿಗೆ ಒಟ್ಟಾರೆ ಎಷ್ಟು ಜೋರು ಎಂಬುದರ ಅಳತೆ) ಜೋರಿದ್ದರೆ ಮೈನಸ್ 2ಕ್ಕಿಂತ ಕೆಳಗಿಡಿ ಎಂದು ಸ್ಪಾಟಿಫೈ ಸಲಹೆ ಕೊಡುತ್ತದೆ. ಓವರ್‌ಸ್ಯಾಂಪ್ಲಿಂಗ್, ಅಂದರೆ ಲೆಕ್ಕ ಹಾಕುವಾಗ ಬಿಂದುಗಳನ್ನು ಹೆಚ್ಚಿಸಿಕೊಳ್ಳುವುದು, 32 ಪಟ್ಟಿನವರೆಗೆ ಇದೆ. ವೇಗದ ಲಿಮಿಟಿಂಗ್‌ನಿಂದ ಹುಟ್ಟುವ ತೀರಾ ಮೇಲಿನ ಸ್ವರಗಳು ಮಡಚಿಕೊಂಡು ಕಿವಿಗೆ ಕೇಳುವ ವ್ಯಾಪ್ತಿಗೆ ವಾಪಸ್ ಬೀಳದಂತೆ ಇದು ತಡೆಯುತ್ತದೆ. ನನಗೆ 4 ಪಟ್ಟು ಸಾಕಾಗಿದೆ. 32 ಇಟ್ಟರೆ ಪ್ರೊಸೆಸರ್ ಮೇಲೆ ಭಾರ ಬೀಳುತ್ತದೆ, ಮಳೆಗಾಲದಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುವಾಗ ಅದು ಬೇಡದ ಖರ್ಚು.

ಮಳೆಗಾಲ ಎಂದಾಗ ಇನ್ನೊಂದು. ತೀರ್ಥಹಳ್ಳಿ, ಆಗುಂಬೆ ಕಡೆ ಮನೆಗಳಲ್ಲೇ ಹಾಡಿ ಮುದ್ರಿಸಿ ಕಳಿಸುವವರಿದ್ದಾರೆ. ಹಿಂದೆ ತಗಡಿನ ಮೇಲೆ ಮಳೆ, ಸಂಜೆಯಾದರೆ ಜೀರುಂಡೆ. ಲಿಮಿಟರ್‌ನಲ್ಲಿ 6 ಡಿಬಿ ಎತ್ತಿದರೆ ಎರಡು ಸಾಲುಗಳ ನಡುವಿನ ಮಳೆಯೂ 6 ಡಿಬಿ ಏರುತ್ತದೆ. ಇದಕ್ಕೆ ಯಾವ ಲಿಮಿಟರ್‌ನಲ್ಲೂ ಮದ್ದಿಲ್ಲ, ಮೈಕನ್ನು ಬಾಯಿಗೆ ಹತ್ತಿರ ಇಡಬೇಕು, ಮಳೆ ನಿಂತಾಗ ಹಾಡಬೇಕು. ಹಾಗೆಯೇ ಎಲ್ಲ ಟ್ರ್ಯಾಕುಗಳನ್ನು ಬೆರೆಸುವ ಮಿಕ್ಸ್‌ನಲ್ಲೇ ಬಾಸ್ ಉಬ್ಬಿದ್ದರೆ ಅದನ್ನು ಅಲ್ಲೇ ಇಳಿಸಬೇಕು, 25-30 ಹರ್ಟ್ಸ್‌ನ ಕೆಳಗಿನ ಕೇಳದ ಗದ್ದಲವನ್ನು ಮೊದಲೇ ಕತ್ತರಿಸಬೇಕು. ಒಂದೇ ಲಿಮಿಟರ್ ಮೇಲೆ 7-8 ಡಿಬಿ ಹೊರೆ ಹಾಕುವ ಬದಲು ಡೊಳ್ಳಿನ ಟ್ರ್ಯಾಕಿನಲ್ಲೇ ಒಂದೆರಡು ಡಿಬಿಯನ್ನು ಕ್ಲಿಪ್ಪರ್‌ನಿಂದ (ಪೆಟ್ಟಿನ ತುದಿಯನ್ನು ಕತ್ತರಿಸುವ ಸಾಧನ) ತೆಗೆದು, ಜೋರಿನ ಭಾಗಗಳನ್ನು ಮೆತ್ತಗೆ ತಗ್ಗಿಸುವ ಕಂಪ್ರೆಸರ್‌ನಲ್ಲಿ ಇನ್ನೊಂದಿಷ್ಟು ಇಳಿಸಿದರೆ ಕೊನೆಯ ಲಿಮಿಟರ್‌ಗೆ 2-3 ಡಿಬಿ ಮಾತ್ರ ಉಳಿಯುತ್ತದೆ. ಅಷ್ಟು ಕೆಲಸದಲ್ಲಿ ಪ್ರೊ-ಎಲ್ 2 ಇದೆ ಎಂಬುದೇ ತಿಳಿಯುವುದಿಲ್ಲ.

‘ಮಾರಾಯ್ರೇ, ಬೇರೆಯವರ ಹಾಡಿನಷ್ಟು ಜೋರಿಲ್ಲವಲ್ಲ’ ಎಂದು ಕೇಳುವವರು ಈಗಲೂ ಬರುತ್ತಾರೆ. ಅವರಿಗೆ ಲೆಕ್ಕ ತೋರಿಸುತ್ತೇನೆ. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು ಮೈನಸ್ 14 ಲಫ್ಸ್ ಮಟ್ಟಕ್ಕೆ ತಂದು ನುಡಿಸುತ್ತದೆ. ಮೈನಸ್ 8ಕ್ಕೆ ಹಿಂಡಿ ಕಳಿಸಿದ ಹಾಡು ಅಲ್ಲಿ 6 ಡಿಬಿ ಕೆಳಗಿಳಿಯುತ್ತದೆ. ಜೋರು ಹೋಗುತ್ತದೆ, ಹಿಂಡಿದಾಗ ಒಡೆದದ್ದು ಒಡೆದೇ ಇರುತ್ತದೆ. ಪ್ಲಗಿನ್‌ನಲ್ಲೇ ಲಫ್ಸ್ ಮೀಟರ್ ಇರುವುದರಿಂದ ಇದನ್ನು ಅವರ ಕಣ್ಣೆದುರೇ ತೋರಿಸಬಹುದು, ಎರಡನ್ನೂ ಸಮ ಮಟ್ಟದಲ್ಲಿ ಕೇಳಿಸಬಹುದು. ಕೇಳಿದ ಮೇಲೆ ಜೋರಿನದೇ ಬೇಕೆಂದು ಪಟ್ಟು ಹಿಡಿದವರು ಕಡಿಮೆ.

ಬೆಲೆ ಹವ್ಯಾಸಿಗಳಿಗೆ ಭಾರವೇ. ಕೊಳ್ಳುವ ಮೊದಲು 30 ದಿನ ಪೂರ್ತಿ ಸೌಲಭ್ಯದೊಂದಿಗೆ ಬಳಸಿ ನೋಡಬಹುದು. ಆ ದಿನಗಳಲ್ಲಿ ನಿಮ್ಮ ಅತಿ ಜೋರಿನ ಚರಣವನ್ನು ಹಾಕಿ, 1:1 ಒತ್ತಿ, ಕೊಳಲೋ ಕಂಠವೋ ಒಡೆಯುವ ಗಳಿಗೆಯನ್ನು ಹುಡುಕಿ. ವಾರಕ್ಕೆ ಹಲವು ಹಾಡು ಮುಗಿಸುವವರಾದರೆ ಕೊಳ್ಳಿ ಎನ್ನುತ್ತೇನೆ. ವರ್ಷಕ್ಕೆ ನಾಲ್ಕಾರು ಹಾಡು ಮಾಡುವವರಿಗೆ ಉಚಿತವಾಗಿ ಸಿಗುವ ಲೌಡ್‌ಮ್ಯಾಕ್ಸ್ ಎಂಬ ಲಿಮಿಟರ್ ಇದೆ, ಜತೆಗೆ ಯೂಲೀನ್ ಲೌಡ್‌ನೆಸ್ ಮೀಟರ್‌ನ ಉಚಿತ ಆವೃತ್ತಿ ಇಟ್ಟುಕೊಳ್ಳಿ. ಲೌಡ್‌ಮ್ಯಾಕ್ಸ್‌ನಲ್ಲಿ ಬಿಂದುಗಳ ನಡುವಿನ ಪೀಕ್ ಹಿಡಿಯುವ ಆಯ್ಕೆಯನ್ನು ಆನ್ ಮಾಡಿ, 2-3 ಡಿಬಿಗಿಂತ ಹೆಚ್ಚು ಒತ್ತದೆ ಬಳಸಿದರೆ ಭಜನೆ, ಭಾವಗೀತೆಗಳಿಗೆ ಅದು ಸಾಕು.