ಪ್ಯಾಕರ್ಸ್ ಅಂಡ್ ಮೂವರ್ಸ್ ಬುಕ್ ಮಾಡೋರು ದಯವಿಟ್ಟು ಓದಿ: ಸಾಮಾನು ಗಾಡಿಗೆ ಹತ್ತಿದ್ಮೇಲೆ ರೇಟೇ ಬೇರೆ

ಆಷಾಢಕ್ಕೆ ಮುಂಚೆ ಮನೆ ಬದಲಾಯಿಸ್ಬೇಕು ಅಂತ ಓಡಾಡ್ತಿರೋರು, ಅದ್ರಲ್ಲೂ ಬೆಂಗಳೂರಿಂದ ಬೇರೆ ಊರಿಗೆ ಸಾಮಾನು ಕಳಿಸೋರು, ಇದನ್ನ ಪೂರ್ತಿ ಓದಿ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಹದಿನಾಲ್ಕೂವರೆ ಸಾವಿರಕ್ಕೆ ಮಾತಾಡಿದ ಕೆಲಸಕ್ಕೆ ನನ್ನ ಫ್ರೆಂಡ್ ಇಪ್ಪತ್ತೇಳು ಸಾವಿರ ಕೊಟ್ಟಿದಾಳೆ, ಅದೂ ರೋಡಲ್ಲಿ ನಿಂತ್ಕೊಂಡು, ಅವಳ ಸಾಮಾನು ಅವಳಿಗೇ ಸಿಗೋಕೆ. ಕೋಪ ಇನ್ನೂ ಇಳಿದಿಲ್ಲ.

ನಾನು ಒಬ್ರು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಲ್ಲಿ ಕೆಲಸ ಮಾಡೋದು. ಪ್ರತಿ ತಿಂಗಳು 20ನೇ ತಾರೀಕು ಜಿಎಸ್‌ಟಿ 3ಬಿ ರಿಟರ್ನ್ ಕೊನೇ ದಿನ, ಆ ವಾರ ನಮಗೆ ಊಟಕ್ಕೆ ಎದ್ದೇಳೋಕೂ ಟೈಮ್ ಇರಲ್ಲ, ಕ್ಲೈಂಟ್‌ಗಳೆಲ್ಲ ಬಿಲ್ ಕಳಿಸೋದೇ 19ನೇ ತಾರೀಕು ರಾತ್ರಿ. ಅದೇ ವಾರಾನೇ ನಮ್ಮ ಸುಗಮ ಸಂಗೀತ ಕ್ಲಾಸಿನ ವಾರ್ಷಿಕೋತ್ಸವ, ಭಾನುವಾರ ನಾನು ಎರಡು ಭಾವಗೀತೆ ಹಾಡ್ಬೇಕಿತ್ತು, ಸಂಜೆ ಸಂಜೆ ಪ್ರಾಕ್ಟೀಸ್. ಅದೇ ಶನಿವಾರ ನನ್ನ ಫ್ರೆಂಡ್ ಶಿಫ್ಟಿಂಗ್. ಕಾಲೇಜಿಂದ ಜೊತೆಗಿರೋಳು, ಮೈಸೂರಿಗೆ ಟ್ರಾನ್ಸ್‌ಫರ್ ಆಗಿತ್ತು, ನಾಗರಭಾವಿ ಮನೆ ಖಾಲಿ ಮಾಡಿ ಕುವೆಂಪುನಗರಕ್ಕೆ. ಅವಳ ಅಮ್ಮ ಖಡಾಖಂಡಿತವಾಗಿ ಹೇಳ್ಬಿಟ್ಟಿದ್ರು, ಅಮಾವಾಸ್ಯೆ ಒಳಗೆ ಹಾಲು ಉಕ್ಕಿಸ್ಬೇಕು, ಆಷಾಢದಲ್ಲಿ ಹೊಸ ಮನೆಗೆ ಕಾಲಿಡಲ್ಲ ಅಂತ. ನಮ್ಮ ಕಡೆ ಎಲ್ಲರ ಮನೇಲೂ ಇದೇ ಅಲ್ವಾ. ಈ ಗಾಡಿಯವರಿಗೂ ಅದು ಚೆನ್ನಾಗಿ ಗೊತ್ತು, ಆ ಒಂದು ವಾರ ಜನ ಎಷ್ಟು ಅರ್ಜೆಂಟಲ್ಲಿ ಇರ್ತಾರೆ ಅಂತ.

ಅವಳು ಗಾಡಿ ಹುಡುಕೋಕೆ ಒಂದು ವೆಬ್‌ಸೈಟಲ್ಲಿ ಫೋನ್ ನಂಬರ್ ಹಾಕಿದ್ಲು ಅಷ್ಟೇ. ಅಬ್ಬಾ, ಆಮೇಲೆ ಫೋನ್ ಮೇಲೆ ಫೋನ್. ನಂಬರ್ ಹಾಕಿದ ತಕ್ಷಣ ಆ ಸೈಟಿನವರು ಅದನ್ನ ಸಾಲಾಗಿ ಎಲ್ರಿಗೂ ಮಾರ್ತಾರೆ, ಎಲ್ರೂ ಒಂದೇ ಥರ ಮಾತಾಡ್ತಾರೆ. ಅದ್ರಲ್ಲಿ ಒಬ್ಬರದ್ದು ಹೆಸರು ಕೇಳಿದ್ರೆ ದೊಡ್ಡ ಕಂಪನಿ ಅನ್ಸೋ ಹಾಗಿತ್ತು, ಹೆಸರಿನ ಹಿಂದೆ ಮುಂದೆ ಒಂದೊಂದು ಪದ ಸೇರಿಸಿದ್ರು ಅಂತ ಈಗ ಗೊತ್ತಾಗ್ತಿದೆ. ವಾಟ್ಸಾಪ್ ವಿಡಿಯೋ ಕಾಲಲ್ಲಿ ಇಡೀ ಮನೆ ತೋರಿಸಿದ್ವಿ, ಮಂಚ, ಬೀರು, ಫ್ರಿಡ್ಜ್, ವಾಷಿಂಗ್ ಮಷೀನ್, ಅಟ್ಟದ ಮೇಲಿನ ಪಾತ್ರೆ ಡಬ್ಬ, ಅಮ್ಮನ ಹೊಲಿಗೆ ಮಷೀನ್, ಒಂದನ್ನೂ ಬಿಡ್ದೆ. ಎರಡನೇ ಮಹಡಿ, ಲಿಫ್ಟ್ ಇಲ್ಲ ಅಂತಾನೂ ಹೇಳಿದ್ವಿ. ಕಂಪನಿ ಕಡೆಯಿಂದ ಮಾತಾಡ್ತಿದ್ದ ಯಮ್ಮ ಎಲ್ಲಾ ನೋಡಿ ಹದಿನಾಲ್ಕೂವರೆ ಸಾವಿರ ಅಂದ್ರು. ನಾನೇ ಪಕ್ಕದಲ್ಲಿ ಕೂತ್ಕೊಂಡು ಕೇಳಿದೆ, ಇದ್ರಲ್ಲಿ ಎಲ್ಲಾ ಸೇರಿದ್ಯಾ ಮೇಡಂ, ಆಮೇಲೆ ಅದು ಇದು ಅಂತ ಕೇಳ್ಬೇಡಿ ಅಂತ. "ಆಲ್ ಇನ್‌ಕ್ಲೂಸಿವ್ ಮೇಡಂ, ಟೋಲು, ಲೋಡಿಂಗು, ಅನ್‌ಲೋಡಿಂಗು, ಪ್ಯಾಕಿಂಗು, ಎಲ್ಲಾ. ಈಗ ಅಡ್ವಾನ್ಸ್ ಹಾಕಿಲ್ಲ ಅಂದ್ರೆ ಶನಿವಾರ ಗಾಡಿ ಸಿಗಲ್ಲ, ಆಷಾಢ ಬರ್ತಿದೆ ಅಲ್ವಾ" ಅಂದ್ರು. ಎರಡು ಸಾವಿರ ಅಡ್ವಾನ್ಸ್ ಹೋಯ್ತು. ಕೊಟೇಶನ್ ಅಂತ ಒಂದು ಫೋಟೋ ಬಂತು, ಮೇಲೆ ಪ್ರೈವೇಟ್ ಲಿಮಿಟೆಡ್ ಅಂತ ದಪ್ಪಕ್ಷರ, ಕೆಳಗೆ ಮೊತ್ತ. ಜಿಎಸ್‌ಟಿ ನಂಬರ್ ಯಾಕಿಲ್ಲ ಅಂತ ಕೇಳಿದ್ದಕ್ಕೆ ಫೈನಲ್ ಬಿಲ್ಲಲ್ಲಿ ಬರುತ್ತೆ ಮೇಡಂ ಅಂದ್ರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಅಂದಿದ್ದೋರು ಹತ್ತೂವರೆಗೆ ಬಂದ್ರು. ಫೋನಲ್ಲಿ ಮಾತಾಡಿದ ಕಂಪನಿ ಹೆಸರು ಗಾಡಿ ಮೇಲೂ ಇರ್ಲಿಲ್ಲ, ಹುಡುಗರ ಹತ್ರಾನೂ ಇರ್ಲಿಲ್ಲ. ಆ ಹುಡುಗರ ಬಗ್ಗೆ ನಂಗೆ ಸಿಟ್ಟಿಲ್ಲ, ಪಾಪ ದಿನಗೂಲಿಗೆ ಬಂದಿದ್ದೋರು, ಅವರಿಗೂ ಏನೂ ಗೊತ್ತಿರ್ಲಿಲ್ಲ. ಬೀರುವಿನ ಕನ್ನಡಿಗೆ ಬಬಲ್ ರ‍್ಯಾಪ್ ಎದುರುಗಡೆ ಮಾತ್ರ ಸುತ್ತಿದ್ರು, ಹಿಂದೆ ಬರೀ ಕಾಗದ, ಅಂಚಿಗೆ ಬ್ರೌನ್ ಟೇಪು. ಕೇಳಿದ್ರೆ ರೋಲ್ ಇಷ್ಟೇ ಕೊಟ್ಟಿರೋದು ಅಕ್ಕ ಅಂದ. ಅಷ್ಟೊತ್ತಿಗೆ ಕೆಳಗಡೆ ಓನರ್ ಅಂಕಲ್ ನಿಂತಿದ್ರು, ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಅಡ್ವಾನ್ಸಲ್ಲಿ ಹಿಡಿದಿದ್ರೂ, ಮಧ್ಯಾಹ್ನ ಪೇಂಟರ್ ಬರ್ತಾನೆ ಬೇಗ ಕೀ ಕೊಡಿ ಅಂತ. ಅಮ್ಮನೂ ಮಾವನೂ ಬೆಳಿಗ್ಗೇನೇ ಮೈಸೂರಿಗೆ ಹೋಗಿ ಹಾಲು ಉಕ್ಕಿಸಿ ಖಾಲಿ ಮನೇಲಿ ಚಾಪೆ ಮೇಲೆ ಕೂತಿದ್ರು.

ಎಲ್ಲಾ ಸಾಮಾನು ಏರಿಸಿ ಹಗ್ಗ ಕಟ್ಟಿ, ಓನರ್‌ಗೆ ಕೀ ಕೊಟ್ಟಾಯ್ತು. ಅಲ್ಲಿವರೆಗೂ ಮೂಲೇಲಿ ಫೋನ್ ನೋಡ್ತಿದ್ದ ಒಬ್ಬ ಎದ್ದು ಬಂದ, ನಾನು ಸೂಪರ್‌ವೈಸರ್ ಅಂತ. ಕೈಗೆ ಒಂದು ಬಿಲ್ ಕೊಟ್ಟ. ಅಗ್ರಿಮೆಂಟ್ ರೇಟ್ 14,500. ಎಕ್ಸ್‌ಟ್ರಾ ವಾಲ್ಯೂಮ್ 6,000. ಫ್ಲೋರ್ ಚಾರ್ಜ್ 1,500. ಒಟ್ಟು 22,000, ಅದ್ರ ಮೇಲೆ 18% ಜಿಎಸ್‌ಟಿ 3,960. ಇನ್ಶೂರೆನ್ಸ್ ಅಂತ ಮೂರು ಲಕ್ಷಕ್ಕೆ 3%, ಅಂದ್ರೆ 9,000. ಎಲ್ಲಾ ಸೇರಿ 34,960, ಅಡ್ವಾನ್ಸ್ ಕಳೆದು 32,960 ಕೊಡಿ ಮೇಡಂ ಅಂದ. ಮೂರು ಲಕ್ಷ ಅಂತ ಬೆಲೆ ಕಟ್ಟಿದ್ದು ಯಾರು? ಇನ್ಶೂರೆನ್ಸ್ ಬೇಕು ಅಂತ ಕೇಳಿದ್ದು ಯಾರು? ಫ್ರೆಂಡ್ ನನ್ನ ಮುಖ ನೋಡ್ತಿದಾಳೆ, ನಾನು ಬಿಲ್ ನೋಡ್ತಿದೀನಿ. ಸಾಮಾನು ಇಳಿಸ್ರಪ್ಪ ಅನ್ನೋಣ ಅಂದ್ರೆ ಇಳಿಸೋಕೆ ಮನೆ ಎಲ್ಲಿದೆ, ಕೀ ಕೊಟ್ಟಾಗಿದೆ, ಮೇಲೆ ಪೇಂಟರ್ ಡಬ್ಬ ತಂದಿಡ್ತಿದಾನೆ. ಅದಕ್ಕೇ ಅವನು ಅಲ್ಲಿವರೆಗೂ ಬಾಯಿ ಬಿಡದೆ ಕಾದಿದ್ದು! ಹಗ್ಗ ಕಟ್ಟೋವರೆಗೂ ಕಾದಿದ್ದ! ನೆನೆಸ್ಕೊಂಡ್ರೆ ಈಗಲೂ ಮೈ ಉರಿಯುತ್ತೆ.

ಆ ಯಮ್ಮಂಗೆ ಫೋನ್ ಮಾಡಿದೆ. ಮೊದಲು ಎತ್ತಲಿಲ್ಲ, ಆಮೇಲೆ ಎತ್ತಿದ್ರು. ಆಲ್ ಇನ್‌ಕ್ಲೂಸಿವ್ ಅಂದಿದ್ರಲ್ಲ ಮೇಡಂ ಅಂದ್ರೆ, "ಹೌದು ಮೇಡಂ, ಲೇಬರ್, ಪ್ಯಾಕಿಂಗ್ ಇನ್‌ಕ್ಲೂಸಿವ್. ಟ್ಯಾಕ್ಸ್ ಗವರ್ನಮೆಂಟ್‌ದು, ಅದು ಹೇಗೆ ಇನ್‌ಕ್ಲೂಸಿವ್ ಆಗುತ್ತೆ." ವಿಡಿಯೋಲಿ ಎಲ್ಲಾ ತೋರಿಸಿದ್ವಲ್ಲ, ಎಕ್ಸ್‌ಟ್ರಾ ವಾಲ್ಯೂಮ್ ಎಲ್ಲಿಂದ ಬಂತು ಅಂದ್ರೆ, "ವಿಡಿಯೋಲಿ ಅಳತೆ ಗೊತ್ತಾಗಲ್ಲ ಮೇಡಂ." ಎರಡನೇ ಮಹಡಿ ಅಂತ ಹೇಳಿದ್ವಲ್ಲ ಅಂದ್ರೆ, "ಕಂಪನಿ ಪಾಲಿಸಿ ಮೇಡಂ." ಏನು ಕೇಳಿದ್ರೂ ಕೊನೆಗೆ ಕಂಪನಿ ಪಾಲಿಸಿ. ಇನ್ಶೂರೆನ್ಸ್ ಪಾಲಿಸಿ ನಂಬರ್ ಕೊಡಿ, ಯಾವ ಇನ್ಶೂರೆನ್ಸ್ ಕಂಪನಿ ಅಂತ ಹೇಳಿ ಅಂದೆ. "ಡೆಲಿವರಿ ಆದ್ಮೇಲೆ ಜನರೇಟ್ ಆಗುತ್ತೆ ಮೇಡಂ." ಸಾಮಾನು ಮನೆ ಸೇರಿದ್ಮೇಲೆ ಮಾಡೋ ಇನ್ಶೂರೆನ್ಸ್ ಯಾತಕ್ಕೆ? ಇಷ್ಟು ರಾಜಾರೋಷವಾಗಿ ಸುಳ್ಳು ಹೇಳ್ತಾರಲ್ಲ.

ಜಿಎಸ್‌ಟಿ ನಂಬರ್ ಆ ಬಿಲ್ಲಲ್ಲಿ ಇತ್ತು. ದಿನಾ ನೋಡೋ ಕೆಲಸ ನಂದು, ಕಣ್ಣು ಅಲ್ಲಿಗೇ ಹೋಯ್ತು. ಹದಿನೈದು ಅಕ್ಷರದ ನಂಬರ್ ಅದು, ಮೊದಲೆರಡು 29 ಇದ್ರೆ ಕರ್ನಾಟಕ, ಆಮೇಲಿನ ಹತ್ತು ಪ್ಯಾನ್ ನಂಬರ್. ಆರನೇ ಅಕ್ಷರ ನೋಡಿ, 'ಸಿ' ಇದ್ರೆ ಕಂಪನಿ, 'ಎಫ್' ಇದ್ರೆ ಪಾರ್ಟ್‌ನರ್‌ಶಿಪ್ ಫರ್ಮ್, 'ಪಿ' ಇದ್ರೆ ಯಾರೋ ಒಬ್ಬ ವ್ಯಕ್ತಿ. ಪ್ರೈವೇಟ್ ಲಿಮಿಟೆಡ್ ಅಂತ ದಪ್ಪಕ್ಷರದಲ್ಲಿ ಹಾಕ್ಕೊಂಡೋರ ನಂಬರಲ್ಲಿ 'ಪಿ' ಇತ್ತು! ಅಲ್ಲೇ ಗೇಟ್ ಹತ್ರ ನಿಂತು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿದೆ, ಅದಕ್ಕೆ ಲಾಗಿನ್ ಏನೂ ಬೇಕಾಗಿಲ್ಲ, ಸರ್ಚ್ ಟ್ಯಾಕ್ಸ್‌ಪೇಯರ್ ಅಂತ ಇರುತ್ತೆ. ಬೇರೆ ಯಾರದ್ದೋ ಹೆಸರು, ಸ್ಟೇಟಸ್ ಕ್ಯಾನ್ಸಲ್ಡ್, ಡಿಪಾರ್ಟ್‌ಮೆಂಟೇ ಕ್ಯಾನ್ಸಲ್ ಮಾಡಿರೋದು. ರಿಜಿಸ್ಟ್ರೇಷನ್ ಇಲ್ದೇ ಇರೋನು ಟ್ಯಾಕ್ಸ್ ಅಂತ ಒಂದು ರೂಪಾಯಿನೂ ವಸೂಲಿ ಮಾಡೋ ಹಾಗಿಲ್ಲ, ಕಾನೂನಲ್ಲೇ ಇದೆ. ಸ್ಕ್ರೀನ್ ತೋರಿಸಿದ್ದಕ್ಕೆ ಸೂಪರ್‌ವೈಸರ್ ಏನಂದ ಗೊತ್ತಾ, "ಸೈಟ್ ಅಪ್‌ಡೇಟ್ ಆಗಿಲ್ಲ ಮೇಡಂ, ನಮ್ ಆಡಿಟರ್ ಹತ್ರ ಕೇಳಿ." ಹಿಂದಿನ ರಾತ್ರಿವರೆಗೂ ಅದೇ ಸೈಟಲ್ಲಿ ಕಣ್ಣು ನೋಯಿಸ್ಕೊಂಡು ರಿಟರ್ನ್ ಹಾಕಿದೀನಿ ನಾನು, ನಂಗೆ ಹೇಳ್ತಾನೆ!

ಅರ್ಧ ಗಂಟೆ ಜಗಳ ಆದ್ಮೇಲೆ ಒಮ್ಮೆಲೇ ಮೆತ್ತಗಾದ. ಆಯ್ತು ಮೇಡಂ, ಗಾಡಿ ಹೊರಡ್ಲಿ, ಮೈಸೂರಲ್ಲಿ ಮಾತಾಡ್ಕೊಳ್ಳೋಣ ಅಂದ. ಗಾಡಿ ಮುಂದೆ, ಫ್ರೆಂಡ್ ಕಾರಲ್ಲಿ ನಾವಿಬ್ರು ಹಿಂದೆ. ಕಣಿಮಿಣಿಕೆ ಟೋಲ್ ದಾಟಿದ್ಮೇಲೆ ಬಿಡದಿಗೆ ಮುಂಚೆ ಸರ್ವೀಸ್ ರೋಡಿಗೆ ಇಳಿಸಿ ಗಾಡಿ ನಿಲ್ಲಿಸ್ಬಿಟ್ಟ. ಡ್ರೈವರ್ ಇಳಿದು ಬಂದು, ಪೇಮೆಂಟ್ ಆಗ್ದೆ ಮುಂದೆ ಹೋಗ್ಬೇಡ ಅಂತ ಆಫೀಸಿಂದ ಫೋನ್ ಬಂತು, ವಾಪಸ್ ಗೋಡೌನ್‌ಗೆ ಹಾಕಂತಿದಾರೆ ಅಂದ. ಗೋಡೌನ್‌ಗೆ ಹೋದ್ರೆ ದಿನಕ್ಕೆ ಇಷ್ಟು ಅಂತ ಬಾಡಿಗೆ ಬೇರೆ ಅಂತೆ. ನಾನು 112ಕ್ಕೆ ಫೋನ್ ಮಾಡ್ತೀನಿ, ಇದು ಹೆದರಿಸಿ ದುಡ್ಡು ಕೀಳೋದು ಅಂದೆ. ತಕ್ಷಣ ಆ ಯಮ್ಮಂದೇ ಫೋನು: "ಮಾಡಿ ಮೇಡಂ, ಗಾಡಿ ಸ್ಟೇಷನ್‌ಗೆ ಹೋಗುತ್ತೆ, ಸಾಮಾನು ಅಲ್ಲೇ ಇರುತ್ತೆ, ನೀವೇ ಕೋರ್ಟಿಂದ ಬಿಡಿಸ್ಕೊಳ್ಳಿ. ಇಲ್ಲ ಇಪ್ಪತ್ತೈದು ಸಾವಿರ ಹಾಕಿ, ಎಂಟು ಸಾವಿರ ನಾವೇ ಬಿಡ್ತಿದೀವಿ." ಬಿಡ್ತಿದಾರಂತೆ! ಇಲ್ಲದ್ದನ್ನ ಸೇರಿಸಿ ಅದ್ರಲ್ಲಿ ಸ್ವಲ್ಪ ಬಿಟ್ಟು ಉಪಕಾರ ಮಾಡಿದ ಹಾಗೆ ಮಾತಾಡ್ತಾರೆ.

ನಾನು ಒಪ್ಪಬೇಡ ಕಣೆ ಅಂದೆ. ಅಷ್ಟರಲ್ಲಿ ಅಮ್ಮ ಫೋನ್ ಮಾಡಿದ್ರು, ಎಲ್ಲಿದೀರಾ ಪುಟ್ಟಿ, ಗಾಡಿ ಬಂತಾ, ಮಾವ ಬೆನ್ನು ನೋವು ಅಂತಿದಾರೆ, ಇಲ್ಲಿ ಒಂದು ಕುರ್ಚಿನೂ ಇಲ್ಲ ಅಂತ. ಅವಳು ಫೋನಿಟ್ಟು ಏನೂ ಮಾತಾಡ್ದೆ ಯುಪಿಐ ಮಾಡ್ಬಿಟ್ಲು. ಇಪ್ಪತ್ತೈದು ಸಾವಿರ. ಅದೂ ಕಂಪನಿ ಅಕೌಂಟ್ ಅಲ್ಲ, ಯಾರೋ ಒಬ್ಬನ ಪರ್ಸನಲ್ ನಂಬರಿಗೆ. ಗಾಡಿ ಹೊರಡ್ತು. ಅವಳು ಸ್ಟೀರಿಂಗ್ ಹಿಡ್ಕೊಂಡು ಅಳ್ತಿದ್ಲು, ದುಡ್ಡಿಗಿಂತ ಹೆಚ್ಚಾಗಿ ಆ ಅವಮಾನಕ್ಕೆ. ನನಗೂ ತಲೆ ಎತ್ತೋಕೆ ಆಗ್ಲಿಲ್ಲ, ನನ್ನ ಮಗಳ ಫ್ರೆಂಡ್ ಲೆಕ್ಕದವಳು, ಅವಳಿದ್ರೆ ಯಾರೂ ಮೋಸ ಮಾಡಲ್ಲ ಅಂತ ಅಮ್ಮ ಎಲ್ರ ಹತ್ರ ಹೇಳ್ಕೊಂಡಿದ್ರಂತೆ.

ಮೈಸೂರಲ್ಲಿ ಇಳಿಸುವಾಗ ಬೀರುವಿನ ಕನ್ನಡಿ ಹಿಂದಿಂದ ಬಿರುಕು ಬಿಟ್ಟಿತ್ತು. ಹೊಲಿಗೆ ಮಷೀನಿನ ಕೈಚಕ್ರದ ಅಂಚು ಮುರಿದು ತುಂಡೇ ಇಲ್ಲ. ಅಮ್ಮ ಆ ಮಷೀನಲ್ಲಿ ಬ್ಲೌಸ್ ಹೊಲಿದು ಇವಳನ್ನ ಓದಿಸಿರೋದು. ಪಾತ್ರೆ ಡಬ್ಬಗಳಲ್ಲಿ ಒಂದು ಬಾಕ್ಸ್ ಇಲ್ಲವೇ ಇಲ್ಲ, ನಾವು ಬಾಕ್ಸ್‌ಗೆಲ್ಲ ಮಾರ್ಕರಲ್ಲಿ ನಂಬರ್ ಬರೆದಿದ್ದಕ್ಕೆ ಅದಾದ್ರೂ ಗೊತ್ತಾಯ್ತು. ಫೋಟೋ ಕಳಿಸಿದ್ರೆ ಬಂದ ಉತ್ತರ: "ಇನ್ಶೂರೆನ್ಸ್ ಕ್ಲೇಮ್‌ಗೆ ಫುಲ್ ಪೇಮೆಂಟ್ ಆಗಿರ್ಬೇಕು ಮೇಡಂ, ನಿಮ್ದು ಡಿಸ್ಕೌಂಟೆಡ್ ಬಿಲ್." ಆಮೇಲೆ ಬ್ಲಾಕ್. ಅವಳ ನಂಬರೂ ಬ್ಲಾಕ್, ನನ್ನದೂ ಬ್ಲಾಕ್. ಮಾರನೇ ದಿನ ನನ್ನ ಗಂಟಲು ಪೂರ್ತಿ ಕೂತ್ಹೋಗಿತ್ತು, ಕಾರ್ಯಕ್ರಮದಲ್ಲಿ ನನ್ನ ಹಾಡು ಬೇರೆಯವರು ಹಾಡಿದ್ರು. ತಿಂಗಳುಗಟ್ಟಲೆ ಕಲಿತ ಹಾಡು ಅದು, ಅದ್ರ ಸಂಕಟಾನೂ ಇವರ ಲೆಕ್ಕಕ್ಕೇ.

ಈಗ ಮಾಡಿರೋದು: ದುಡ್ಡು ಹೋದ ಅಕೌಂಟ್ ಬಗ್ಗೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಹೇಳಿದೀವಿ, ಗ್ರಾಹಕ ಸಹಾಯವಾಣಿ 1915ರಲ್ಲಿ ಕಂಪ್ಲೇಂಟ್ ಹಾಕಿದೀವಿ, ಜಿಎಸ್‌ಟಿ ಇಲಾಖೆಗೆ ಆ ಬಿಲ್ ಕಳಿಸೋದು ನನ್ನ ಪಾಲಿನ ಕೆಲಸ, ಅದನ್ನ ಬಿಡಲ್ಲ. ನೋಟಿಸ್ ಕಳಿಸಿ ಗ್ರಾಹಕರ ಆಯೋಗಕ್ಕೂ ಹೋಗ್ತಾಳೆ. 2019ರ ಕಾಯ್ದೆ ಪ್ರಕಾರ ಗ್ರಾಹಕರು ತಾವಿರೋ ಊರಲ್ಲೇ ಕೇಸ್ ಹಾಕ್ಬಹುದು, ಅವಳು ಮೈಸೂರಲ್ಲೇ ಹಾಕ್ಬಹುದು, ಬೆಂಗಳೂರಿಗೆ ಅಲೆಯೋದು ಬೇಡ. ಕೊಟ್ಟಿರೋ ದುಡ್ಡು ಐದು ಲಕ್ಷದೊಳಗಿದ್ರೆ ಕೋರ್ಟ್ ಫೀಸೂ ಇಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೇಲಿ ಕೂತೇ ಫೈಲ್ ಮಾಡ್ಬಹುದು.

ನೀವು ಬುಕ್ ಮಾಡೋ ಮುಂಚೆ ಜಿಎಸ್‌ಟಿ ನಂಬರ್ ಇಸ್ಕೊಂಡು ಪೋರ್ಟಲ್‌ನಲ್ಲಿ ನೋಡಿ, ಕೊಡಲ್ಲ ಅಂದ್ರೆ ಅಲ್ಲಿಗೇ ಬಿಟ್ಬಿಡಿ. ಟ್ಯಾಕ್ಸ್, ಮಹಡಿ, ಟೋಲು, ಇನ್ಶೂರೆನ್ಸ್, ಒಂದೊಂದೂ ಹೆಸರಿಟ್ಟು ಒಟ್ಟು ಎಷ್ಟು ಅಂತ ಬರೆದು ಕೊಡಿಸ್ಕೊಳ್ಳಿ, ಆಲ್ ಇನ್‌ಕ್ಲೂಸಿವ್ ಅನ್ನೋ ಮಾತು ನಂಬ್ಲೇಬೇಡಿ. ಸಾಮಾನಿನ ಪಟ್ಟಿ ಇರೋ ರಸೀದಿ ಕೈಗೆ ಬರ್ದೇ ಗಾಡಿ ಹೊರಡೋಕೆ ಬಿಡ್ಬೇಡಿ, ಲಾರಿಯವರು ಬಿಲ್ಟಿ ಅಂತಾರಲ್ಲ ಅದು. ಮುಖ್ಯವಾಗಿ ಗಾಡಿ ಗೇಟ್ ದಾಟೋವರೆಗೂ ಓನರ್‌ಗೆ ಕೀ ಕೊಡ್ಬೇಡಿ, ಓನರ್ ಎಷ್ಟೇ ಅರ್ಜೆಂಟ್ ಮಾಡ್ಲಿ, ಪೇಂಟರ್ ಕಾಯ್ಲಿ.

ಅವರ ಹೆಸರು ಇಲ್ಲಿ ಹಾಕಿಲ್ಲ, ಕೇಸ್ ಮುಗಿಯೋವರೆಗೂ ಹಾಕಲ್ಲ, ಹಾಕಿದ್ರೂ ನಾಳೆ ಇನ್ನೊಂದು ಹೆಸರಲ್ಲಿ ಇರ್ತಾರೆ. ಮೈಸೂರು ರೋಡಲ್ಲಿ ಇದೇ ಥರ ಗಾಡಿ ನಿಲ್ಲಿಸಿ ದುಡ್ಡು ಕಿತ್ತಿದ್ರೆ ಕೊಟೇಶನ್ ಫೋಟೋ, ಬಿಲ್ಲು, ಯುಪಿಐ ಸ್ಕ್ರೀನ್‌ಶಾಟ್ ಡಿಲೀಟ್ ಮಾಡ್ದೆ ಇಟ್ಕೊಂಡು ನೀವೂ 1915ಕ್ಕೆ ಒಂದು ಫೋನ್ ಮಾಡಿ.