ಕಣ್ಣೂರೋ, ಮೂಡುಬಿದಿರೆಯೋ?

ಕೇರಳದ ಗಡಿಭಾಗದ ಮಂಜೇಶ್ವರ, ಕುಂಬಳೆ ಕಡೆಯ ಹತ್ತನೇ ಕ್ಲಾಸಿನ ಮಕ್ಕಳು ಕಾಲೇಜು ಕ್ರೀಡೆಗೆ ತಯಾರಾಗಲು ಮುಖ್ಯವಾಗಿ ಎರಡು ದಾರಿ ಇದೆ.

ಮೊದಲನೆಯದು, ಊರಲ್ಲೇ ಪ್ಲಸ್ ಟು (ಕೇರಳದ ಪಿಯುಸಿ) ಮುಗಿಸಿ ಕಣ್ಣೂರು ವಿಶ್ವವಿದ್ಯಾಲಯದ ಕಾಲೇಜು ಸೇರುವುದು. ಮನೆ ಊಟ, ಖರ್ಚೂ ಕಡಿಮೆ. ಕೇರಳದಲ್ಲಿ ಪ್ಲಸ್ ವನ್‌ಗೂ ಡಿಗ್ರಿಗೂ ಸ್ಪೋರ್ಟ್ಸ್ ಕೋಟಾ ಇದೆ. ಜಿಲ್ಲಾ, ರಾಜ್ಯ ಮಟ್ಟದ ಸರ್ಟಿಫಿಕೇಟುಗಳನ್ನು ಈಗಿನಿಂದಲೇ ಜೋಪಾನ ಮಾಡಿ. ಕಬಡ್ಡಿಯವರಿಗೆ ನಾನು ಈ ದಾರಿಯನ್ನೇ ಹೇಳುವುದು. ನಮ್ಮ ಊರಿನ ಕ್ಲಬ್‌ಗಳಲ್ಲಿ ದೊಡ್ಡವರ ಜೊತೆ ಆಡಿ ಬರುವ ಗಟ್ಟಿತನ ಬೇರೆಡೆ ಸುಲಭಕ್ಕೆ ಸಿಗದು.

ಎರಡನೆಯದು, ಓಟ, ಎಸೆತ, ಜಿಗಿತದವರಾದರೆ ಗಡಿ ದಾಟಿ ಕರ್ನಾಟಕದ ಮೂಡುಬಿದಿರೆಯಲ್ಲಿ ಪಿಯುಸಿಗೆ ಸೇರುವುದೇ ಒಳ್ಳೆಯದು. ಅಲ್ಲಿನ ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಅದೇ ಊರಿನ ಆಳ್ವಾಸ್ ಕಾಲೇಜಿನ ಅಥ್ಲೀಟ್‌ಗಳ ಬಲದಿಂದ ಮಂಗಳೂರು ವಿವಿ ಅಖಿಲ ಭಾರತ ಅಂತರ ವಿವಿ ಅಥ್ಲೆಟಿಕ್ಸ್ ಕೂಟವನ್ನು ಹಲವು ಸಲ ಗೆದ್ದಿದೆ. ದಿನಾ ಅಂಥವರ ಪಕ್ಕದಲ್ಲಿ ಓಡುವುದೇ ದೊಡ್ಡ ತರಬೇತಿ ಅಲ್ವಾ? ಕನ್ನಡ ಮೀಡಿಯಂ ಮಕ್ಕಳಿಗೆ ಮಾತಿನ ತೊಡಕೂ ಇಲ್ಲ. ಆದರೆ ಪೈಪೋಟಿ ಜಾಸ್ತಿ. ಫೀಸು, ಹಾಸ್ಟೆಲ್ ಖರ್ಚಿನ ವಿಷಯ ಮೊದಲೇ ಕೇಳಿಕೊಳ್ಳಿ.

ಎಲ್ಲಿ ಸೇರಿದರೂ ರಾತ್ರಿ ಕನಿಷ್ಠ 8 ಗಂಟೆ ನಿದ್ದೆ, ವಾರಕ್ಕೊಂದು ದಿನ ಪೂರ್ತಿ ವಿಶ್ರಾಂತಿ ಬೇಕು. ಮೊಣಕಾಲು ನೋವಿದ್ದರೆ ಮುಚ್ಚಿಡಬೇಡಿ, ಕೋಚ್‌ಗೆ ಅವತ್ತೇ ಹೇಳಿ.