ಜಿಮ್ನಿಗೆ 40 ಮಿಲಿಮೀಟರ್ ಲಿಫ್ಟ್, 215 ಟೈರ್: ಬೆಳಗಾವಿಯ ಉದ್ಯಮಬಾಗದಲ್ಲಿ ಮಾಡಿಸಿದ ಕೆಲಸ

ನಮ್ಮ ಗೇರು ತೋಟ ಜಾಂಬೋಟಿ ದಾಟಿ ಒಳಗಿದೆ. ಡಾಂಬರು ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರ್ ಕೆಂಪು ಮಣ್ಣಿನ ದಾರಿ. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಆಳವಾಗಿ ಕೊರೆದಿದೆ, ನಡುವಿನ ಮಣ್ಣು ದಿಣ್ಣೆಯಂತೆ ಎದ್ದು ನಿಂತಿದೆ, ಕೊನೆಗೆ ಒಂದು ಬದು ಹತ್ತಿ ಇಳಿಯಬೇಕು. ಮಾರುತಿಯ ಐದು ಬಾಗಿಲಿನ ಜಿಮ್ನಿ ತಗೊಂಡ ಮೊದಲ ಮಳೆಗಾಲದಲ್ಲೇ ಆ ಬದುವಿನ ಮೇಲೆ ಗಾಡಿಯ ಹೊಟ್ಟೆ ಕೂತುಬಿಟ್ಟಿತು. ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್) ಹಾಕಿದ್ದೇನೆ, ಚಕ್ರ ತಿರುಗುತ್ತಿವೆ, ಗಾಡಿ ಮಾತ್ರ ಅಲ್ಲಾಡುತ್ತಿಲ್ಲ. ಅಪ್ಪ ಸಲಿಕೆ ತಂದು ಮಳೆಯಲ್ಲಿ ನೆನೆಯುತ್ತಾ ಗಾಡಿ ಕೆಳಗಿನ ಮಣ್ಣು ಕೆತ್ತಿದರು. ಅವರಿಗೆ ಅರವತ್ತೆಂಟು ವರ್ಷ. ಅವತ್ತೇ ನಿರ್ಧಾರ ಮಾಡಿದೆ, ಮುಂದಿನ ಮಳೆಗಾಲದ ಒಳಗೆ ಇದಕ್ಕೊಂದು ದಾರಿ ಮಾಡಲೇಬೇಕು ಅಂತ.

ಜಿಮ್ನಿಗೆ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿ ತಳಕ್ಕಿರುವ ಅಂತರ, 210 ಮಿಲಿಮೀಟರ್ ಇದೆ, ಕಡಿಮೆಯೇನಲ್ಲ. ತೊಂದರೆ ಇರೋದು ಉದ್ದದಲ್ಲಿ. ಹೊರದೇಶದಲ್ಲಿ ಸಿಗುವ ಮೂರು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ 2250 ಮಿಲಿಮೀಟರ್, ನಮ್ಮಲ್ಲಿ 2023ರಲ್ಲಿ ಬಂದ ಐದು ಬಾಗಿಲಿನದ್ದು 2590. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಜಾಸ್ತಿ ಆದಷ್ಟೂ ಬದು, ದಿಣ್ಣೆಗಳ ಮೇಲೆ ಹೊಟ್ಟೆ ತಾಗುತ್ತದೆ. ಮೂತಿ ತಾಗಲ್ಲ, ಬಾಲ ತಾಗಲ್ಲ, ಹೊಟ್ಟೆಯೇ ತಾಗೋದು.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದ್ರೆ ಕೇಳಿದವರೆಲ್ಲ ಇದನ್ನೇ ತಪ್ಪು ತಿಳಿದುಕೊಂಡಿದ್ದಾರೆ. ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಗಟ್ಟಿ ಆ್ಯಕ್ಸಲ್, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಒಂದೇ ಅಡ್ಡ ದಂಡ. ಲಿಫ್ಟ್ ಅಂತ ಸ್ಪ್ರಿಂಗ್ ಎತ್ತರ ಮಾಡಿದರೆ ಚಾಸಿ (ಗಾಡಿಯ ಅಡಿಕಟ್ಟು) ಮತ್ತು ಬಾಡಿ ಮಾತ್ರ ಮೇಲೆ ಹೋಗುತ್ತದೆ. ಆ್ಯಕ್ಸಲ್ ಇದ್ದಲ್ಲೇ ಇರುತ್ತದೆ, ಅದರಲ್ಲಿ ಜೋತುಬಿದ್ದಿರುವ ಡಿಫರೆನ್ಷಿಯಲ್ ಗುಂಡೂ (ಚಕ್ರಗಳಿಗೆ ಬಲ ಹಂಚುವ ಗೇರ್‌ಗಳ ಡಬ್ಬಿ) ಇದ್ದಲ್ಲೇ ಇರುತ್ತದೆ. ಅದು ಮೇಲೆ ಹೋಗಬೇಕಾದರೆ ಟೈರ್ ದೊಡ್ಡದಾಗಬೇಕು, ಅದರಲ್ಲೂ ಟೈರಿನ ಎತ್ತರ ಹೆಚ್ಚಿದ ಅರ್ಧದಷ್ಟು ಮಾತ್ರ ಮೇಲೆ ಹೋಗುತ್ತದೆ. ಕಲ್ಲಿಗೆ ಗುಂಡು ತಾಗುತ್ತದೆ ಅನ್ನುವವರಿಗೆ ಬರೀ ಲಿಫ್ಟ್ ಹಾಕಿ ಉಪಯೋಗವಿಲ್ಲ. ನನಗೆ ತಾಗುತ್ತಿದ್ದದ್ದು ಹೊಟ್ಟೆ, ಹಾಗಾಗಿ ಲಿಫ್ಟ್ ಬೇಕಿತ್ತು.

ಟೈರಿನ ಲೆಕ್ಕ ಹೀಗೆ. ಕಂಪನಿಯದ್ದು 195/80 ಆರ್15, ಅಂದರೆ ಅಗಲ 195 ಮಿಲಿಮೀಟರ್, ಪಕ್ಕದ ಎತ್ತರ ಅದರ 80 ಪರ್ಸೆಂಟ್, ರಿಮ್ 15 ಇಂಚು, ಒಟ್ಟು ಎತ್ತರ 693 ಮಿಲಿಮೀಟರ್. 215/75 ಹಾಕಿದರೆ 703 ಚಿಲ್ಲರೆ. 235/75 ಹಾಕಿದರೆ 733. ನೋಡೋಕೆ 235 ಬಹಳ ಚೆಂದ, ನನಗೂ ಆಸೆ ಇತ್ತು. ಆದರೆ ಎತ್ತರ ಸುಮಾರು 6 ಪರ್ಸೆಂಟ್ ಜಾಸ್ತಿ ಆಗುತ್ತದೆ, ಅಷ್ಟೇ ಗೇರ್ ಉದ್ದವಾದ ಹಾಗೆ, ಗಾಡಿ ಎಳೆಯುವ ಬಲ ಕಡಿಮೆ ಆಗುತ್ತದೆ. ಈ 1.5 ಲೀಟರ್ ಪೆಟ್ರೋಲ್ ಇಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) 134 ನ್ಯೂಟನ್ ಮೀಟರ್, ನಾಲ್ಕು ಜನ ಕೂತು ಚೋರ್ಲಾ ಘಾಟ್ ಹತ್ತುವಾಗ ಮೊದಲೇ ಅದು ಎರಡನೇ ಗೇರ್ ಕೇಳುತ್ತದೆ. ಜೊತೆಗೆ ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಬ್ರೇಕಿನ ಮೇಲೆ ಭಾರ ಬೀಳುತ್ತದೆ, ಬಂಪರ್ ಅಂಚು ಕತ್ತರಿಸಬೇಕಾಗಬಹುದು. 215ರಲ್ಲಿ ಈ ವ್ಯತ್ಯಾಸ ಒಂದೂವರೆ ಪರ್ಸೆಂಟ್ ಮಾತ್ರ, ಕಂಪನಿಯ ಅಲಾಯ್ ಮೇಲೇ ಕೂರುತ್ತದೆ. ನಾನು ಹಾಕಿಸಿದ್ದು ಯೋಕೋಹಾಮಾ ಜಿಯೋಲ್ಯಾಂಡರ್ ಎಟಿ, ಅಂದರೆ ಡಾಂಬರು, ಮಣ್ಣು ಎರಡಕ್ಕೂ ಆಗುವ ಟೈರ್. ಐದು ಟೈರ್ ತಗೊಳ್ಳಿ, ನಾಲ್ಕಲ್ಲ. ಸ್ಟೆಪ್ನಿ ಬೇರೆ ಸೈಜ್ ಇದ್ದು, ಪಂಕ್ಚರ್ ಆಗಿ ಅದನ್ನೇ ಹಾಕಿಕೊಂಡು ಫೋರ್ ವೀಲ್ ಡ್ರೈವ್‌ನಲ್ಲಿ ಓಡಿಸಿದರೆ ಗೇರ್‌ಗಳು ಒಂದಕ್ಕೊಂದು ಜಗ್ಗಾಡಿ ಬಿಗಿದುಕೊಳ್ಳುತ್ತವೆ.

ಲಿಫ್ಟ್ ಕಿಟ್ ವಿಷಯಕ್ಕೆ ಬಂದರೆ, ಕಡಿಮೆ ದುಡ್ಡಿನ ದಾರಿ ಅಂದರೆ ಹಳೆ ಸ್ಪ್ರಿಂಗ್ ಮೇಲೆ ಒಂದು ಗಟ್ಟಿ ಬಿಲ್ಲೆ ಇಟ್ಟು ಎತ್ತರ ಮಾಡೋದು. ಅದನ್ನು ಮಾಡಬೇಡಿ. ಶಾಕ್ ಅಬ್ಸಾರ್ಬರ್ ಹಳೆ ಉದ್ದದ್ದೇ ಇರುತ್ತದಲ್ವಾ, ಚಕ್ರ ಗುಂಡಿಗೆ ಇಳಿಯುವಾಗ ಅದು ಪೂರ್ತಿ ಎಳೆದುಕೊಂಡು ಟಕ್ ಅಂತ ನಿಲ್ಲುತ್ತದೆ. ನಾನು ಹೊಸ ಸ್ಪ್ರಿಂಗ್, ಅದಕ್ಕೆ ಸರಿಯಾದ ಉದ್ದದ ಶಾಕ್ ಎರಡನ್ನೂ ತಗೊಂಡೆ. ಸ್ಪ್ರಿಂಗ್‌ನಲ್ಲಿ ಹಗುರ, ಭಾರ ಅಂತ ಬೇರೆ ಬೇರೆ ಬರುತ್ತವೆ. ಕಬ್ಬಿಣದ ಬಂಪರ್, ವಿಂಚ್ ಏನೂ ಹಾಕದವರು ಹಗುರದ್ದೇ ಕೇಳಿ. ಖಾಲಿ ಗಾಡಿಗೆ ಭಾರದ ಸ್ಪ್ರಿಂಗ್ ಹಾಕಿದರೆ ಎತ್ತಿನ ಗಾಡಿಯಲ್ಲಿ ಕೂತ ಹಾಗೆ ಎತ್ತಿ ಹಾಕುತ್ತದೆ.

ಈಗ ಗ್ಯಾರೇಜ್. ಉದ್ಯಮಬಾಗದ ಒಳಗಿನ ಒಂದು ಸಾಲಿನಲ್ಲಿದೆ, ಒಂದು ಕಡೆ ಲೇತ್ ಅಂಗಡಿ, ಇನ್ನೊಂದು ಕಡೆ ಫೌಂಡ್ರಿ. ಹೆಸರು ಇಲ್ಲಿ ಹಾಕುತ್ತಿಲ್ಲ, ಯಾಕಂದ್ರೆ ಅಲ್ಲಾದ ಒಂದು ತಪ್ಪಿನ ಬಗ್ಗೆಯೂ ಬರೆಯುತ್ತಿದ್ದೇನೆ. ಕೆಲಸ ಮಾಡೋದು ಅರವತ್ತರ ಹತ್ತಿರದ ಒಬ್ಬ ಮಿಸ್ತ್ರಿ, ಎಲ್ಲರೂ ಕಾಕಾ ಅಂತ ಕರೆಯುತ್ತಾರೆ, ಜೊತೆಗೆ ಇಬ್ಬರು ಹುಡುಗರು. ಬೆಳಗ್ಗೆ ಒಂಬತ್ತೂವರೆಗೆ ಗಾಡಿ ಬಿಟ್ಟೆ, ನಾನೂ ಅಲ್ಲೇ ನಿಂತೆ.

ಪಾನಾ ಹಿಡಿಯೋ ಮೊದಲು ಕಾಕಾ ಮಾಡಿದ ಕೆಲಸ ನೋಡಿ ನನಗೆ ಅರ್ಧ ನಂಬಿಕೆ ಬಂತು. ನಾಲ್ಕೂ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದು ಅಳತೆ ತಗೊಂಡು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರು. ಆಮೇಲೆ ಗೌಂಡಿಗಳು ಗೋಡೆಗೆ ಹಿಡಿಯುವ ತೂಕದ ಗುಂಡು ತಂದು, ದಾರವನ್ನು ಮಡ್‌ಗಾರ್ಡ್‌ಗೆ ಟೇಪ್ ಹಚ್ಚಿ ಇಳಿಬಿಟ್ಟು, ದಾರದಿಂದ ರಿಮ್‌ಗೆ ಎಷ್ಟು ದೂರ ಅಂತ ಸ್ಕೇಲ್ ಇಟ್ಟು ಎರಡೂ ಕಡೆ ಬರೆದರು. ಇದೆಲ್ಲ ಯಾಕೆ ಅಂತ ಸಂಜೆ ಗೊತ್ತಾಯಿತು. ಆ್ಯಕ್ಸಲ್ ಅಡ್ಡಡ್ಡ ಸರಿಯದಂತೆ ಒಂದು ರಾಡ್ ಹಿಡಿದಿರುತ್ತದೆ, ಪ್ಯಾನ್‌ಹಾರ್ಡ್ ರಾಡ್ ಅಂತಾರೆ, ಅದರ ಒಂದು ತುದಿ ಚಾಸಿಗೆ, ಇನ್ನೊಂದು ಆ್ಯಕ್ಸಲ್‌ಗೆ. ಚಾಸಿ ಮೇಲೆ ಹೋದಾಗ ರಾಡ್ ಇನ್ನಷ್ಟು ಓರೆಯಾಗಿ ಆ್ಯಕ್ಸಲನ್ನು ಒಂದು ಕಡೆಗೆ ಎಳೆಯುತ್ತದೆ. ಲಿಫ್ಟ್ ಆದ ಮೇಲೆ ಮತ್ತೆ ದಾರ ಇಳಿಬಿಟ್ಟು ನೋಡಿದರೆ ಮುಂದೆ ಎಡಕ್ಕೂ ಬಲಕ್ಕೂ ಹತ್ತತ್ತಿರ ಒಂದು ಸೆಂಟಿಮೀಟರ್ ವ್ಯತ್ಯಾಸ ಬಂದಿತ್ತು. ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ರಾಡ್ ಹಾಕಿ ಅದನ್ನು ನಡುವಿಗೆ ತಂದರು. ಕಣ್ಣಿಗೆ ಕಾಣದ ಈ ಒಂದು ಸೆಂಟಿಮೀಟರ್ ಅಳೆಯೋಕೆ ದಾರ ಹಿಡಿದು ನಿಂತವರು ಅವರೊಬ್ಬರೇ. ನಾನು ಮೊದಲು ವಿಚಾರಿಸಿದ ಬೇರೆ ಎರಡು ಕಡೆ ಈ ಮಾತೇ ಬಂದಿರಲಿಲ್ಲ.

ಬ್ರೇಕ್ ಪೈಪ್ ಕೂಡ ಹಾಗೇ ನೋಡಿದರು. ಚಕ್ರ ಪೂರ್ತಿ ಕೆಳಗೆ ಜೋತುಬಿಟ್ಟು, ಸ್ಟೀರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಪೈಪ್ ಬಿಗಿಯಾಗುತ್ತಾ ಅಂತ ಬೆರಳಲ್ಲಿ ಒತ್ತಿ ನೋಡೋದು. ಹಿಂದೆ ಸ್ವಲ್ಪ ಬಿಗಿ ಅನ್ನಿಸಿತು, ಬ್ರಾಕೆಟ್ ಕೆಳಗೆ ಇಳಿಸಿದರು.

ತಪ್ಪು ಆಗಿದ್ದು ಅದೇ ದಿನ ಮಧ್ಯಾಹ್ನ. ಕಾಕಾ ಊಟಕ್ಕೆ ಹೋದಾಗ ಹುಡುಗ ಆ್ಯಕ್ಸಲ್ ಹಿಡಿದಿರುವ ಆರ್ಮ್‌ಗಳ ಬೋಲ್ಟ್‌ಗಳನ್ನು ಗಾಡಿ ಸ್ಟ್ಯಾಂಡ್ ಮೇಲಿದ್ದಾಗಲೇ ಪೂರ್ತಿ ಬಿಗಿದುಬಿಟ್ಟ. ಯಾರಿಗೂ ಗೊತ್ತಾಗಲಿಲ್ಲ. ಮೂರನೇ ದಿನ ನಮ್ಮ ಗಲ್ಲಿಯ ಹಂಪ್ ದಾಟುವಾಗ ಹಳೆ ಬಾಗಿಲು ತೆಗೆದ ಹಾಗೆ ಕಿರ್‍ ಅಂತ ಸದ್ದು ಶುರುವಾಯಿತು. ವಾಪಸ್ ಹೋದೆ. ಕಾಕಾ ಗಾಡಿ ಕೆಳಗೆ ಹೋಗಿ, ಬೋಲ್ಟ್ ಸುತ್ತಲಿನ ರಬ್ಬರ್ ಬುಶ್‌ಗೆ ಟಾರ್ಚ್ ಹಿಡಿದು ನೋಡಿ, ಹುಡುಗನನ್ನೂ ನನ್ನನ್ನೂ ಕರೆದು ತೋರಿಸಿದರು. ಬುಶ್‌ನ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ನಿಂತಿತ್ತು.

"ತಮ್ಮಾ, ಗಾಡಿ ನೆಲಕ್ಕ ಕಾಲ ಊರಿ ನಿಂತ ಮ್ಯಾಲೆ ಬಿಗಿಬೇಕು. ಜೋತಬಿದ್ದಾಗ ಬಿಗಿದ್ರ ರಬ್ಬರ್ ದಿನಾ ಜಗ್ಗಾಡ್ತೈತಿ, ಆರ ತಿಂಗಳದಾಗ ಹರಿದ ಹೋಗತೈತಿ," ಅಂದರು.

ಎಲ್ಲ ಬೋಲ್ಟ್ ಸಡಿಲ ಮಾಡಿ, ಗಾಡಿ ನೆಲಕ್ಕಿಳಿಸಿ, ನಾಲ್ಕು ಸಲ ಮೇಲಿಂದ ಒತ್ತಿ ಕುಣಿಸಿ, ಕೆಳಗೆ ಮಲಗಿಕೊಂಡೇ ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿದರು. ದುಡ್ಡು ತಗೊಳ್ಳಲಿಲ್ಲ. ಹುಡುಗನಿಗೂ ಬೈಯಲಿಲ್ಲ, ಕೊನೆಯ ಎರಡು ಬೋಲ್ಟ್ ಅವನ ಕೈಯಲ್ಲೇ ಬಿಗಿಸಿದರು. ನೀವು ಎಲ್ಲೇ ಮಾಡಿಸಿ, ಈ ಒಂದು ಮಾತು ಮಾತ್ರ ಮೊದಲೇ ಕೇಳಿ: ಬುಶ್ ಬೋಲ್ಟ್ ಯಾವಾಗ ಬಿಗಿಯುತ್ತೀರಿ?

ಸ್ಟೀರಿಂಗ್ ವಿಷಯ ಇನ್ನೊಂದು. 40 ಮಿಲಿಮೀಟರ್‌ಗೆ ಕ್ಯಾಸ್ಟರ್ ಬುಶ್ (ಮುಂದಿನ ಚಕ್ರದ ಓರೆ ಸರಿಮಾಡುವ ಬುಶ್) ಬೇಕಾ ಬೇಡವಾ ಅನ್ನೋದರಲ್ಲಿ ಎರಡು ಮಾತಿದೆ. ಹಾಕದೆ ಓಡಿಸಿ ನೋಡೋಣ ಅಂತ ಮೊದಲು ಹಾಗೇ ಬಿಟ್ಟಿದ್ದೆವು. ಕಾಕತಿ ದಾಟಿ ಹೈವೇಯಲ್ಲಿ 90ಕ್ಕೆ ಹೋದಾಗ ವ್ಯತ್ಯಾಸ ಗೊತ್ತಾಯಿತು. ಸ್ಟೀರಿಂಗ್ ಹಗುರ, ತಿರುಗಿಸಿ ಬಿಟ್ಟರೆ ತಾನಾಗಿ ನೇರ ಆಗಲ್ಲ, ಲಾರಿ ಪಕ್ಕದಲ್ಲಿ ಹಾದಾಗ ಗಾಡಿ ಸರಿದಾಡುತ್ತದೆ. ಸೈಕಲ್ ಕೈ ಬಿಟ್ಟರೂ ನೇರ ಹೋಗೋಕೆ ಮುಂದಿನ ಫೋರ್ಕ್ ಓರೆಯಾಗಿ ಇರೋದೂ ಒಂದು ಕಾರಣ ಅಲ್ವಾ, ಇಲ್ಲೂ ಹಾಗೇ. ಲಿಫ್ಟ್ ಮಾಡಿದಾಗ ಮುಂದಿನ ಆ್ಯಕ್ಸಲ್ ಸ್ವಲ್ಪ ಮುಂದಕ್ಕೆ ತಿರುಗಿ ಆ ಓರೆ ಕಡಿಮೆ ಆಗುತ್ತದೆ. ಗಟ್ಟಿ ಆ್ಯಕ್ಸಲ್ ಆದ್ದರಿಂದ ಅಲೈನ್‌ಮೆಂಟ್ ಅಂಗಡಿಯವರು ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರೋದು) ಮಾತ್ರ ಸರಿ ಮಾಡಬಲ್ಲರು, ಇದು ಅವರ ಕೈಯಲ್ಲಿಲ್ಲ. ಮುಂದಿನ ವಾರ ನಡು ಸರಿಸಿದ ಬುಶ್ ಹಾಕಿಸಿದೆ, ಸ್ಟೀರಿಂಗ್ ಮೊದಲಿನ ಹಾಗೆ ಆಯಿತು. ಸ್ಟೀರಿಂಗ್ ಚಕ್ರ ಕೂಡ ಸರಿಯಾಗಿ ನಡುವಿಗೆ ಬರುವ ಹಾಗೆ ರಾಡ್ ಹೊಂದಿಸಿಕೊಳ್ಳಿ. ಅದು ಓರೆ ಇದ್ದರೆ ನೀವು ತಿರುಗಿಸುತ್ತಿದ್ದೀರಿ ಅಂತ ಇಎಸ್‌ಪಿ (ಗಾಡಿ ಜಾರದಂತೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ) ತಿಳಿದುಕೊಂಡು ಬೇಡದ ಹೊತ್ತಲ್ಲಿ ಬ್ರೇಕ್ ಹಿಡಿಯಬಹುದು.

ಜುಲೈನಲ್ಲಿ ಒಂದು ಸಲ ಮತ್ತೆ ಹೆದರಿದ್ದೆ. ತೋಟದಿಂದ ವಾಪಸ್ ಬಂದ ಮಾರನೇ ದಿನ 70 ದಾಟಿದರೆ ಸ್ಟೀರಿಂಗ್ ಗಡಗಡ ನಡುಗೋಕೆ ಶುರು. ಲಿಫ್ಟ್‌ನಲ್ಲೇ ಏನೋ ಸಡಿಲ ಆಗಿದೆ ಅಂದುಕೊಂಡು ಕಾಕಾಗೆ ಫೋನ್ ಮಾಡಿದೆ. ಮೊದಲು ರಿಮ್ ಒಳಗೆ ಕೈ ಹಾಕಿ ನೋಡು ಅಂದರು. ಜಾಂಬೋಟಿಯ ಕೆಂಪು ಮಣ್ಣು ರಿಮ್ ಒಳಮೈಗೆ ಅಂಟಿ ಒಣಗಿ ಇಟ್ಟಿಗೆ ಚೂರಿನ ಹಾಗೆ ಕೂತಿತ್ತು, ಒಂದು ಚಕ್ರದಲ್ಲೇ ಎರಡು ಮುಷ್ಟಿ. ನೀರು ಹೊಡೆದು ಕೆರೆದು ತೆಗೆದ ಮೇಲೆ ನಡುಕ ಪೂರ್ತಿ ನಿಂತಿತು.

ಮಳೆಗಾಲ ಪೂರ್ತಿ ಓಡಿಸಿ ಹೇಳುತ್ತಿದ್ದೇನೆ, ಆ ಬದು ಈಗ ಒಂದು ಸಲವೂ ತಾಗಿಲ್ಲ. ಅಳತೆ ಪ್ರಕಾರ ಮುಂದೆ 42, ಹಿಂದೆ 45 ಮಿಲಿಮೀಟರ್ ಎದ್ದಿತ್ತು. ಕೆಸರಲ್ಲಿ ಗಾಳಿ 18 ಪಿಎಸ್‌ಐಗೆ ಇಳಿಸುತ್ತೇನೆ, ಡಾಂಬರಿಗೆ ಬಂದು 28ಕ್ಕೆ ತುಂಬಿಸುತ್ತೇನೆ. ಕೆಂಪು ಮಣ್ಣಿನಲ್ಲಿ ಟೈರ್ ತುಂಬಾ ಚೆನ್ನಾಗಿ ಹಿಡಿಯುತ್ತದೆ. ಬೈಲಹೊಂಗಲ ಕಡೆಯ ಎರೆ ಮಣ್ಣಿನ ಕಥೆ ಬೇರೆ, ಮಳೆ ಬಿದ್ದ ಎರೆ ಹೊಲದಲ್ಲಿ ಯಾವ ಎಟಿ ಟೈರೂ ಎರಡು ಸುತ್ತಿಗೆ ಮಣ್ಣು ತುಂಬಿ ನುಣ್ಣಗಾಗುತ್ತದೆ, ಅಲ್ಲಿ ಇಳಿಯಬೇಡಿ. ಘಾಟ್ ತಿರುವುಗಳಲ್ಲಿ ಗಾಡಿ ಮೊದಲಿಗಿಂತ ಸ್ವಲ್ಪ ಜಾಸ್ತಿ ವಾಲುತ್ತದೆ, ನಿಧಾನ ಮಾಡಲೇಬೇಕು. ಮೈಲೇಜ್ 15ರಿಂದ 14ಕ್ಕೆ ಬಂತು. ಅಮ್ಮನಿಗೆ ಹತ್ತೋದು ಕಷ್ಟ ಆಯಿತು, ಮೆಟ್ಟಿಲು ಹಾಕಿಸಿದೆ. ಹೆಡ್‌ಲೈಟ್ ಗೋಡೆಗೆ ಬಿಟ್ಟು ಕೆಳಗೆ ಇಳಿಸಿಕೊಂಡೆವು, ಎದುರಿನವರ ಕಣ್ಣಿಗೆ ಹೊಡೆಯಬಾರದು. ಕೂಲಿ ಎರಡೂ ಸಲದ್ದು ಸೇರಿ 9,000 ಆಯಿತು, ಅದು ನನಗೆ ಒಂಚೂರೂ ಜಾಸ್ತಿ ಅನ್ನಿಸಲಿಲ್ಲ.

ಕಾನೂನಿನ ಮಾತು ಬಿಟ್ಟು ಹೋಗಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರ ಬದಲಾಗುವ ಹಾಗೆ ಮಾರ್ಪಾಡು ಮಾಡಬಾರದು ಅನ್ನುತ್ತದೆ, ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಅದನ್ನೇ ಹೇಳಿದೆ. ಕೈ ಹಾಕುವ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿ. ಸಸ್ಪೆನ್ಷನ್ ವಾರಂಟಿ ಸಿಗದಿರಬಹುದು ಅಂತಲೂ ಮನಸ್ಸಲ್ಲಿ ಇಟ್ಟುಕೊಳ್ಳಿ. ಮತ್ತೆ ಎತ್ತರದ ಗಾಡಿ ಇದೆ ಅಂತ ಭೀಮಗಡದ ಕಾಡೊಳಗೆ ನುಗ್ಗಿಸಬೇಡಿ, ಅದು ಅಭಯಾರಣ್ಯ.

ಸಾವಿರ ಕಿಲೋಮೀಟರ್ ಆದ ಮೇಲೆ ಬಾ ಅಂತ ಕಾಕಾ ಹೇಳಿದ್ದರು, ಹೋಗಿದ್ದೆ. ಎಲ್ಲ ನಟ್ಟಿಗೂ ಮತ್ತೆ ರೆಂಚ್ ಹಾಕಿ ನೋಡಿ, ಒಂದೊಂದರ ಮೇಲೂ ಬಿಳಿ ಪೇಂಟ್‌ನಲ್ಲಿ ಗೆರೆ ಎಳೆದರು, ನಟ್ಟಿನಿಂದ ಕೆಳಗಿನ ಲೋಹದವರೆಗೆ ಒಂದೇ ಗೆರೆ. ನಟ್ಟು ಸ್ವಲ್ಪ ಸಡಿಲ ಆದರೂ ಆ ಗೆರೆ ಮುರಿದು ಎರಡಾಗಿ ಕಾಣುತ್ತದೆ. ತೋಟಕ್ಕೆ ಹೊರಡುವ ಮೊದಲು ಟಾರ್ಚ್ ಹಿಡಿದು ಕೆಳಗೆ ಬಗ್ಗಿ ಹದಿನಾಲ್ಕು ಗೆರೆ ಎಣಿಸುತ್ತೇನೆ. ಹಿಂದಿನ ಎಡಗಡೆಯದ್ದು ಒಂದು ಮಣ್ಣು ಮುಚ್ಚಿ ಕಾಣಲ್ಲ, ಅದಕ್ಕೊಂದು ಹಳೆ ಹಲ್ಲುಜ್ಜುವ ಬ್ರಶ್ ಡ್ಯಾಶ್‌ಬೋರ್ಡ್‌ನಲ್ಲೇ ಇಟ್ಟುಕೊಂಡಿದ್ದೇನೆ.